ಬೆಳಕು ಎಲ್ಲಿ ಬೀಳಬೇಕು: ಹಳೆಯ ಕಾರುಗಳ ಹೆಡ್‌ಲೈಟ್ ಮತ್ತು ಪ್ರೊಜೆಕ್ಟರ್

ಹತ್ತು ಹದಿನೈದು ವರ್ಷ ಓಡಿದ ಕಾರನ್ನು ರಾತ್ರಿ ಹೊತ್ತು ಓಡಿಸುವವರ ದೂರು ಒಂದೇ: ದೀಪ ಸಾಲದು. ಊರೊಳಗೆ ಬೀದಿದೀಪಗಳ ನಡುವೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತುಮಕೂರು ದಾಟಿ ಶಿರಾ ಕಡೆಗೆ ಹೊರಟಾಗ, ಶಿರಾಡಿ ಘಾಟಿಯಲ್ಲಿ ಮಳೆ ಹಿಡಿದಾಗ, ಮಂಡ್ಯದ ಒಳರಸ್ತೆಯಲ್ಲಿ ಹಿಂದೆ ಕೆಂಪು ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ತೀರ ಹತ್ತಿರಕ್ಕೆ ಬಂದಮೇಲೆ ಕಣ್ಣಿಗೆ ಬಿದ್ದಾಗ ಚೆನ್ನಾಗಿ ಗೊತ್ತಾಗುತ್ತದೆ. ಬಣ್ಣ ಬಳಿಯದ ಹಂಪು, ರಸ್ತೆಯಂಚಿನಲ್ಲಿ ನಿಂತ ಲಾರಿ, ಕಪ್ಪು ಎಮ್ಮೆ, ಗಾಢ ಬಣ್ಣದ ಬಟ್ಟೆ ತೊಟ್ಟು ನಡೆಯುವ ಮನುಷ್ಯ, ಇವೆಲ್ಲ ನಮ್ಮ ರಸ್ತೆಗಳಲ್ಲಿ ದಿನನಿತ್ಯ ಎದುರಾಗುವಂಥವು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಆಕ್ಸೆಸರೀಸ್ ಅಂಗಡಿಯವರೆಗೆ ಎಲ್ಲೆಡೆ ಈ ದೂರಿಗೆ ಮದ್ದು ಮಾರಾಟಕ್ಕಿದೆ: ಎಲ್‌ಇಡಿ ಬಲ್ಬು, ಎಚ್‌ಐಡಿ ಕಿಟ್ಟು, ಈಚೆಗೆ ಎಲ್ಲಕ್ಕಿಂತ ಹೆಚ್ಚಾಗಿ ಪ್ರೊಜೆಕ್ಟರ್. ಪ್ರೊಜೆಕ್ಟರ್ ಹಾಕಿಸುವುದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಕೊನೆಯ ಹೆಜ್ಜೆಯಾಗಬೇಕು. ಹಾಕಿಸಿದರೆ ಪೂರ್ತಿಯಾಗಿ, ಸರಿಯಾಗಿ ಹಾಕಿಸಬೇಕು. ಹೆಡ್‌ಲೈಟಿನ ಯೋಗ್ಯತೆ ತಿಳಿಯುವುದು ಆ ಬೆಳಕು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದರಿಂದ. ಎಷ್ಟು ಬೆಳಕು ಹೊರಡುತ್ತದೆ ಎಂಬುದು ಆಮೇಲಿನ ಮಾತು.

ಇದನ್ನು ಬರಿಯ ಶೋಕಿಯ ಪ್ರಶ್ನೆ ಎಂದು ತಳ್ಳಿಹಾಕುವವರಿದ್ದಾರೆ. ಅಂಕಿಅಂಶ ಬೇರೆಯೇ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ದಿನವನ್ನು ಮೂರು ಮೂರು ಗಂಟೆಗಳಾಗಿ ವಿಂಗಡಿಸಿ ನೋಡಿದರೆ ಅತಿ ಹೆಚ್ಚು ಅಪಘಾತಗಳು ಸಂಜೆ 6ರಿಂದ 9ರ ನಡುವೆ, ಅಂದರೆ ಕತ್ತಲು ಕವಿಯುವ, ಜನ ಇನ್ನೂ ರಸ್ತೆಯಲ್ಲೇ ಇರುವ ಹೊತ್ತಿನಲ್ಲಿ. ಇವಕ್ಕೆಲ್ಲ ಹೆಡ್‌ಲೈಟೇ ಕಾರಣ ಎನ್ನಲಾಗದು; ಕುಡಿತ, ದಣಿವು, ದಟ್ಟಣೆ, ಕೆಟ್ಟ ರಸ್ತೆ ಎಲ್ಲವೂ ಸೇರಿವೆ. ಆದರೆ ದೀಪದ ಪಾಲು ಎಷ್ಟಿರಬಹುದು ಎಂಬುದಕ್ಕೆ ಅಮೆರಿಕದಲ್ಲಿ ಒಂದು ಅಳತೆ ಸಿಕ್ಕಿದೆ. ಅಲ್ಲಿನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಎಂಬ ಸಂಸ್ಥೆ 2016ರಿಂದ ಕಾರುಗಳ ಹೆಡ್‌ಲೈಟುಗಳಿಗೆ ದರ್ಜೆ ಕೊಡುತ್ತಿದೆ. ದರ್ಜೆ ಕೊಡುವಾಗ ರಸ್ತೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು ನೋಡುವುದರ ಜೊತೆಗೆ, ಎದುರಿನವರ ಕಣ್ಣು ಕುಕ್ಕಿದರೆ ಅಂಕ ಕಳೆಯುತ್ತದೆ. ಉತ್ತಮ ದರ್ಜೆಯ ದೀಪವಿರುವ ಕಾರುಗಳು ಕಳಪೆ ದರ್ಜೆಯವುಗಳಿಗಿಂತ ರಾತ್ರಿ ಹೊತ್ತಿನ ಒಂಟಿ ವಾಹನದ ಅಪಘಾತಗಳಲ್ಲಿ ಶೇ. 19ರಷ್ಟು, ಪಾದಚಾರಿಗಳಿಗೆ ಡಿಕ್ಕಿ ಹೊಡೆಯುವುದರಲ್ಲಿ ಶೇ. 23ರಷ್ಟು ಕಡಿಮೆ ಸಿಕ್ಕಿಕೊಂಡಿವೆ ಎಂದು ಅದು 2021ರಲ್ಲಿ ಪ್ರಕಟಿಸಿತು. ಬೀದಿದೀಪವೂ ಫುಟ್‌ಪಾತೂ ಇಲ್ಲದ ನಮ್ಮ ರಸ್ತೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮದ್ದಿನ ಮಾತಿಗೆ ಮೊದಲು ಹಳೆಯ ದೀಪ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ನಮ್ಮಲ್ಲಿನ ಹಳೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಇರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಅಂಗಡಿಯಲ್ಲಿ ಕೇಳುವಾಗ 60/55 ವ್ಯಾಟ್ ಎನ್ನುತ್ತಾರೆ. 60 ಹೈ ಬೀಮಿಗೆ, 55 ಲೋ ಬೀಮಿಗೆ. ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಗಾಜಿನೊಳಗೆ ಒಂದರ ಹಿಂದೆ ಒಂದು ಎರಡು ಫಿಲಮೆಂಟ್‌ಗಳು ಕಾಣುತ್ತವೆ. ಮುಂದಿನದು ಲೋ ಬೀಮಿನದು. ಅದರ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಫಿಲಮೆಂಟಿನಿಂದ ಕೆಳಕ್ಕೆ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುತ್ತದೆ. ಹೀಗಾಗಿ ಲೋ ಬೀಮಿನಲ್ಲಿ ಕೆಲಸ ಮಾಡುವುದು ರಿಫ್ಲೆಕ್ಟರಿನ ಮೇಲರ್ಧ ಮಾತ್ರ. ಅಲ್ಲಿ ಬಡಿದ ಬೆಳಕು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ, ಎದುರಿನವನ ಕಣ್ಣಿಗೆ ಹೋಗುವುದಿಲ್ಲ. ಹೈ ಬೀಮಿನ ಫಿಲಮೆಂಟಿಗೆ ಬಟ್ಟಲಿಲ್ಲ, ಇಡೀ ರಿಫ್ಲೆಕ್ಟರು ದುಡಿಯುತ್ತದೆ. 13.2 ವೋಲ್ಟಿನಲ್ಲಿ ಈ ಬಲ್ಬಿನಿಂದ ಲೋ ಬೀಮಿಗೆ ಸುಮಾರು 1000 ಲೂಮೆನ್, ಹೈ ಬೀಮಿಗೆ 1650 ಲೂಮೆನ್ ಬರಬೇಕೆಂಬುದು ಅದರ ಮಾನಕ. ಇಲ್ಲಿ ನೆನಪಿಡಬೇಕಾದ್ದು, ಫಿಲಮೆಂಟು ಇರುವ ಜಾಗಕ್ಕೂ ರಿಫ್ಲೆಕ್ಟರಿನ ಬಾಗಿಗೂ ಇರುವ ನಂಟು. ಫಿಲಮೆಂಟು ಒಂದು ಮಿಲಿಮೀಟರಿನಷ್ಟು ಅತ್ತಿತ್ತ ಸರಿದರೂ ಬೀಮಿನ ಆಕಾರ ಕೆಡುತ್ತದೆ. ಮುಂದೆ ಬರುವ ಎಲ್ಲ ವಾದದ ಬುಡ ಇದೇ.

ಹಾಗಾದರೆ ಹೊಸದರಲ್ಲಿ ನಡೆಯುತ್ತಿದ್ದ ದೀಪ ಈಗ ಏಕೆ ಮಂಕಾಯಿತು? ಮೊದಲ ಕಾರಣ ಕಣ್ಣಿಗೆ ಕಾಣದ್ದು, ವೈರಿಂಗ್. ಹಳೆಯ ಕಾರುಗಳಲ್ಲಿ ಅನೇಕವು ಹೆಡ್‌ಲೈಟಿನ ಇಡೀ ಕರೆಂಟನ್ನು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ, ತೆಳು ತಂತಿಯಲ್ಲಿ ಹಾಯಿಸುತ್ತವೆ. ವರ್ಷಗಳು ಕಳೆದಂತೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆಯುತ್ತದೆ, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಬಾಡಿಗೆ ಕಚ್ಚಿದ ಅರ್ಥಿಂಗ್ ತಂತಿಗೆ ತುಕ್ಕು ಹಿಡಿಯುತ್ತದೆ. ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇದ್ದರೂ ಬಲ್ಬಿನ ಹೋಲ್ಡರಿಗೆ 12 ತಲುಪಿದರೆ ಹೆಚ್ಚು. ಹ್ಯಾಲೊಜೆನ್ ಬಲ್ಬಿನ ಗುಣವೇನೆಂದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಅದು ಬದಲಾಗುತ್ತದೆ. ಲೆಕ್ಕ ಹಾಕಿದರೆ 13.2ರ ಬದಲು 12 ವೋಲ್ಟ್ ಸಿಕ್ಕಾಗ ಬೆಳಕು ಕಾಲುಭಾಗಕ್ಕೂ ಹೆಚ್ಚು ನಷ್ಟ, 11.5 ಸಿಕ್ಕಾಗ ಮೂರನೇ ಒಂದು ಭಾಗಕ್ಕೂ ಹೆಚ್ಚು ನಷ್ಟ. ಇದನ್ನು ಪರೀಕ್ಷಿಸುವುದು ಯಾವ ಆಟೊ ಎಲೆಕ್ಟ್ರಿಷಿಯನ್‌ಗೂ ಐದು ನಿಮಿಷದ ಕೆಲಸ: ಇಂಜಿನ್ ಚಾಲೂ ಇಟ್ಟು, ದೀಪ ಹಾಕಿ, ಮಲ್ಟಿಮೀಟರಿನಲ್ಲಿ ಒಮ್ಮೆ ಬ್ಯಾಟರಿಯ ಮೇಲೆ, ಒಮ್ಮೆ ಹೋಲ್ಡರಿನ ಹಿಂದೆ ಅಳೆದರೆ ಆಯಿತು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ರಿಲೇ ಹಾಕಿಸಬೇಕು. ಬ್ಯಾಟರಿಯಿಂದ ದಪ್ಪ ತಂತಿಯನ್ನು ಫ್ಯೂಸ್ ಸಹಿತ ನೇರ ಎಳೆದು, ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಳೆಯುವಷ್ಟೇ ಕೆಲಸ ಉಳಿಸಬೇಕು. ಒಂದೆರಡು ಸಾವಿರ ರೂಪಾಯಿಯಲ್ಲಿ ಮುಗಿಯುವ ಈ ಕೆಲಸ ಹಳೆಯ ಕಾರಿಗೆ ಕೊಡುವಷ್ಟು ಲಾಭವನ್ನು ಅಷ್ಟು ಹಣಕ್ಕೆ ಬೇರಾವುದೂ ಕೊಡದು. ಆದರೂ ಅಂಗಡಿಗಳಲ್ಲಿ ಇದರ ಮಾತೆತ್ತುವವರು ಕಡಿಮೆ.

ಎರಡನೆಯ ಕಾರಣ ಕಣ್ಣಿಗೆ ಕಾಣುವಂಥದ್ದು. ಗಾಜಿನ ಬದಲು ಪಾಲಿಕಾರ್ಬೊನೇಟ್ ಬಂದ ಮೇಲೆ ಹೆಡ್‌ಲೈಟಿನ ಮುಖ ಬಿಸಿಲಿಗೆ ಹಳದಿಯಾಗಿ ಮಬ್ಬಾಗುತ್ತದೆ. ಅಮೆರಿಕದ ಎಎಎ ಎಂಬ ವಾಹನ ಮಾಲೀಕರ ಸಂಸ್ಥೆ 2018ರಲ್ಲಿ ಇದನ್ನು ಅಳೆದು, ಮಬ್ಬಾದ ದೀಪ ಹೊಸದರ ಶೇ. 20ರಷ್ಟು ಬೆಳಕನ್ನು ಮಾತ್ರ ಹೊರಬಿಡುತ್ತದೆ, ಉಜ್ಜಿ ಪಾಲಿಶ್ ಮಾಡಿದರೆ ಸುಮಾರು ಶೇ. 70ಕ್ಕೆ ಮರಳುತ್ತದೆ ಎಂದು ಕಂಡುಕೊಂಡಿತು. ನೀರುಕಾಗದದಲ್ಲಿ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಸಲೇಬೇಕು; ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಉಜ್ಜುವ ಮನೆಮದ್ದು ನಾಲ್ಕು ದಿನದ್ದು. ಒಳಗಿನ ರಿಫ್ಲೆಕ್ಟರಿನ ಹೊಳಪೇ ಹೋಗಿದ್ದರೆ, ಬೂದು ಬಣ್ಣಕ್ಕೆ ತಿರುಗಿದ್ದರೆ, ಅದನ್ನು ಒರೆಸಿ ಸರಿಪಡಿಸಲಾಗದು. ಅದರ ಮೇಲಿನ ಅಲ್ಯೂಮಿನಿಯಂ ಲೇಪ ಎಷ್ಟು ತೆಳುವೆಂದರೆ ಬಟ್ಟೆ ತಾಗಿದರೂ ಕಿತ್ತುಬರುತ್ತದೆ. ಆಗ ಕಂಪನಿಯ ಹೊಸ ಹೆಡ್‌ಲೈಟ್ ಸೆಟ್ಟೇ ಸರಿ. ಹಳೆಯ ಮಾಡೆಲಿಗೆ ಅದು ಸಿಗದಿದ್ದಾಗ ಪ್ರೊಜೆಕ್ಟರಿನ ಪ್ರಶ್ನೆ ನಿಜವಾಗಿ ಏಳುತ್ತದೆ.

ಆದರೆ ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಬಲ್ಬು ಬದಲಿಸುವುದು. ಒಂದು ಕಾಲದಲ್ಲಿ 100/90 ವ್ಯಾಟಿನ ಬಲ್ಬು ಹಾಕಿಸುತ್ತಿದ್ದರು. ಹೋಲ್ಡರ್ ಕರಗುತ್ತಿತ್ತು, ತಂತಿ ಸುಡುತ್ತಿತ್ತು. ಈಗ ಆ ಜಾಗಕ್ಕೆ ಎಲ್‌ಇಡಿ ಬಂದಿದೆ. ತೊಂದರೆ ಇರುವುದು ಎಲ್‌ಇಡಿಯಲ್ಲಲ್ಲ, ಅದನ್ನು ಕೂರಿಸುವ ಜಾಗದಲ್ಲಿ. ಎಚ್4 ರಿಫ್ಲೆಕ್ಟರನ್ನು ಒಂದು ತೆಳು ಸುರುಳಿ ಫಿಲಮೆಂಟಿನಿಂದ ಸುತ್ತಲೂ ಹರಡುವ ಬೆಳಕಿಗಾಗಿ ರೂಪಿಸಲಾಗಿದೆ. ಎಲ್‌ಇಡಿ ಬಲ್ಬಿನಲ್ಲಿ ಚಪ್ಪಟೆ ಚಿಪ್ಪುಗಳು ಒಂದು ಲೋಹದ ಪಟ್ಟಿಯ ಎರಡು ಮುಖಗಳಲ್ಲಿ ಇರುತ್ತವೆ. ಅವುಗಳ ನಡುವಿನ ದಪ್ಪ, ಅವು ಬೆಳಕು ಚೆಲ್ಲುವ ದಿಕ್ಕು ಎರಡೂ ಬೇರೆ. ಎಚ್‌ಐಡಿ ಕಿಟ್ಟಿನ ಆರ್ಕ್ ಕೂಡ ಹಾಗೆಯೇ. ಸುಮಾರು 3200 ಲೂಮೆನ್ ಕೊಡುವ ಅದನ್ನು 1000 ಲೂಮೆನ್ನಿಗೆಂದು ಮಾಡಿದ ರಿಫ್ಲೆಕ್ಟರಿನ ಬುಟ್ಟಿಯಲ್ಲಿ ಕೂರಿಸಿದಾಗ ಬೆಳಕು ಕಂಡಕಂಡಲ್ಲಿ ಚೆಲ್ಲುತ್ತದೆ. ಕಾರಿನ ಮುಂದಿನ ಹತ್ತಿಪ್ಪತ್ತು ಮೀಟರ್ ಹಾಲು ಚೆಲ್ಲಿದಂತೆ ಬೆಳಗುವುದರಿಂದ ಓಡಿಸುವವನಿಗೆ ಬಹಳ ಚೆನ್ನಾಗಿದೆ ಎನಿಸುತ್ತದೆ. ಈ ಅನಿಸಿಕೆಯೇ ಮೋಸ. ಹತ್ತಿರದ ನೆಲ ಅತಿಯಾಗಿ ಹೊಳೆದಾಗ ಕಣ್ಣು ಆ ಹೊಳಪಿಗೆ ಹೊಂದಿಕೊಳ್ಳುತ್ತದೆ, ದೂರದ ಮಬ್ಬು ಆಕೃತಿಗಳನ್ನು ಗುರುತಿಸುವ ಶಕ್ತಿ ಇಳಿಯುತ್ತದೆ. ಅಂದರೆ ಚೆನ್ನಾಗಿ ಕಾಣುತ್ತಿದೆ ಎಂದುಕೊಂಡವನಿಗೆ ಕಾಣಬೇಕಾದ್ದೇ ಕಾಣುವುದಿಲ್ಲ.

ಇದಕ್ಕೊಂದು ಆಕ್ಷೇಪವಿದೆ: ಒಳ್ಳೆಯ ಕಂಪನಿಗಳ ಎಲ್‌ಇಡಿ ಬಲ್ಬುಗಳು ಈಗ ಫಿಲಮೆಂಟಿನ ಜಾಗವನ್ನೇ ಅನುಕರಿಸುತ್ತವೆ, ಯುರೋಪಿನಲ್ಲೇ ಅವಕ್ಕೆ ಒಪ್ಪಿಗೆ ಸಿಕ್ಕಿದೆ ಎನ್ನುತ್ತಾರೆ. ಮಾತು ಅರ್ಧ ನಿಜ. ಜರ್ಮನಿಯಲ್ಲಿ 2020ರಲ್ಲಿ ಓಸ್ರಾಮ್ ಕಂಪನಿಯ ಒಂದು ಎಲ್‌ಇಡಿ ಬಲ್ಬಿಗೆ ರಸ್ತೆಯಲ್ಲಿ ಬಳಸುವ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ಬರಿಯ ಬಲ್ಬಿಗಲ್ಲ. ಇಂಥ ಕಾರಿನ ಇಂಥ ಹೆಡ್‌ಲೈಟಿನಲ್ಲಿ ಇದನ್ನು ಹಾಕಿ ಪರೀಕ್ಷಿಸಿದ್ದೇವೆ ಎಂಬ ಪಟ್ಟಿಗೆ ಸೀಮಿತ. ಪಟ್ಟಿಯಲ್ಲಿಲ್ಲದ ಕಾರಿನಲ್ಲಿ ಅದೇ ಬಲ್ಬು ಕಾನೂನುಬಾಹಿರ. ಬ್ರಿಟನ್ನಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಂತೂ ಹ್ಯಾಲೊಜೆನ್ ಹೆಡ್‌ಲೈಟಿಗೆ ಎಚ್‌ಐಡಿ ಅಥವಾ ಎಲ್‌ಇಡಿ ಬಲ್ಬು ಹಾಕಿದ ಕಾರು ಫೇಲ್. ಬೆಳಕಿನ ಮೂಲ ಮತ್ತು ಅದನ್ನು ತಿದ್ದುವ ಬುಟ್ಟಿ ಎರಡನ್ನೂ ಜೋಡಿಯಾಗಿಯೇ ನೋಡಬೇಕು ಎಂಬ ಮಾತನ್ನು ಈ ಎರಡೂ ದೇಶಗಳು ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತಿವೆ.

ಪ್ರೊಜೆಕ್ಟರಿನ ಹೆಚ್ಚುಗಾರಿಕೆ ಇರುವುದೂ ಇಲ್ಲಿಯೇ. ಅದರಲ್ಲಿ ಬಲ್ಬಿನ ಹಿಂದೆ ಮೊಟ್ಟೆಯಾಕಾರದ ಚಿಕ್ಕ ರಿಫ್ಲೆಕ್ಟರು ಬೆಳಕನ್ನೆಲ್ಲ ಮುಂದಿನ ಒಂದು ಬಿಂದುವಿನತ್ತ ಕೂಡಿಸುತ್ತದೆ. ಅಲ್ಲಿ ಒಂದು ಲೋಹದ ತಗಡು ಅಡ್ಡ ನಿಂತು ಬೇಡದ ಭಾಗವನ್ನು ಕತ್ತರಿಸುತ್ತದೆ. ಅದರ ಮುಂದಿನ ದಪ್ಪ ಉಬ್ಬು ಲೆನ್ಸು ಆ ಚಿತ್ರವನ್ನು ತಲೆಕೆಳಗು ಮಾಡಿ ರಸ್ತೆಯ ಮೇಲೆ ಹಾಸುತ್ತದೆ. ತಗಡಿನ ಅಂಚೇ ಗೋಡೆಯ ಮೇಲೆ ಕಾಣುವ ಚೂಪಾದ ಬೆಳಕು-ಕತ್ತಲಿನ ಗೆರೆ, ಕಟ್-ಆಫ್. ಹೈ ಬೀಮ್ ಹಾಕಿದಾಗ ಸೊಲೆನಾಯ್ಡ್ ಆ ತಗಡನ್ನು ಪಕ್ಕಕ್ಕೆ ಬೀಳಿಸುತ್ತದೆ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯಲ್ಲಿ ಮೊದಲ ಬಾರಿಗೆ ಕ್ಸೆನಾನ್ (ಎಚ್‌ಐಡಿ) ದೀಪ ಬಂದ ಮೇಲೆ, ಅಷ್ಟೊಂದು ಬೆಳಕನ್ನು ಹದ್ದುಬಸ್ತಿನಲ್ಲಿಡಲು ಪ್ರೊಜೆಕ್ಟರೇ ಮುಖ್ಯ ಸಾಧನವಾಯಿತು. ಲೋ, ಹೈ ಎರಡೂ ಬೀಮನ್ನು ಕೊಡುವ, ಈಗ ಸಿಗುವ ಬೈ-ಎಲ್‌ಇಡಿ ಪ್ರೊಜೆಕ್ಟರುಗಳಲ್ಲಿ ಚಿಪ್ಪು, ರಿಫ್ಲೆಕ್ಟರು, ತಗಡು, ಲೆನ್ಸು, ಹಿಂದಿನ ಹೀಟ್ ಸಿಂಕು ಎಲ್ಲವೂ ಕಾರ್ಖಾನೆಯಲ್ಲೇ ಒಂದಾಗಿ ಜೋಡಣೆಯಾಗಿ ಬರುತ್ತವೆ. ಬೆಳಕಿನ ಮೂಲ ಕೂರುವ ಜಾಗವನ್ನು ಅಂಗಡಿಯವನು ಊಹಿಸಬೇಕಾಗಿಲ್ಲ. ಬಲ್ಬು ಬದಲಿಸುವುದಕ್ಕೂ ಪ್ರೊಜೆಕ್ಟರ್ ಹಾಕಿಸುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಇದು. ಅಂಬಾಸಿಡರ್ ಮತ್ತು ಹಳೆಯ ಜೀಪುಗಳ ಏಳಿಂಚಿನ ದುಂಡು ದೀಪದವರಿಗೆ ಕೆಲಸ ಇನ್ನೂ ಸುಲಭ. ಅದೇ ಅಳತೆಯ, ಯುರೋಪಿನ ಒಪ್ಪಿಗೆಯ ಇ-ಗುರುತು ಇರುವ ಪೂರ್ಣ ದೀಪವನ್ನೇ ಕೂರಿಸಬಹುದು, ಏನನ್ನೂ ಕೊಯ್ಯಬೇಕಾಗಿಲ್ಲ.

ಹಾಗೆಂದು ಪ್ರೊಜೆಕ್ಟರ್ ಎಂಬ ಹೆಸರಿದ್ದದ್ದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಸುತ್ತ ಉಂಗುರದ ದೀಪ, ಓಡುವ ಇಂಡಿಕೇಟರ್ ಇರುವ ಅಗ್ಗದ ಸೆಟ್ಟುಗಳು ಬಹಳ ಮಾರಾಟವಾಗುತ್ತವೆ. ಅವುಗಳೊಳಗೆ ಇರುವುದು ಸಣ್ಣ ಲೆನ್ಸು ಮತ್ತು 55 ವ್ಯಾಟಿನ ಹ್ಯಾಲೊಜೆನ್ ಬಲ್ಬು. ಪ್ರೊಜೆಕ್ಟರಿನ ತಗಡು ಲೋ ಬೀಮಿನಲ್ಲಿ ಬೆಳಕಿನ ದೊಡ್ಡ ಪಾಲನ್ನು ನುಂಗುವುದರಿಂದ, ಹ್ಯಾಲೊಜೆನ್ ಹಾಕಿದ ಕಳಪೆ ಪ್ರೊಜೆಕ್ಟರು ಕಂಪನಿಯ ಹಳೆಯ ರಿಫ್ಲೆಕ್ಟರಿಗಿಂತ ಕಡಿಮೆ ಬೆಳಕು ಕೊಡುವುದುಂಟು. ನೋಡಲು ಹೊಸ ಕಾರಿನ ಹಾಗೆ ಕಂಡರೂ ರಸ್ತೆ ಮೊದಲಿಗಿಂತ ಕತ್ತಲು.

ಇದಕ್ಕಿಂತ ದೊಡ್ಡ ಅಪಾಯ ಎಡ-ಬಲದ್ದು. ಇದರ ಬಗ್ಗೆ ಬೇಕಾದಷ್ಟು ಮಾತಾಗಿಲ್ಲ. ಲೋ ಬೀಮಿನ ಕಟ್-ಆಫ್ ನೇರ ಗೆರೆಯಲ್ಲ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಎದುರಿನವನು ನಮ್ಮ ಬಲಕ್ಕೆ ಬರುತ್ತಾನೆ. ಆದ್ದರಿಂದ ಗೆರೆ ಬಲಬದಿಯಲ್ಲಿ ತಗ್ಗಿರಬೇಕು, ಎಡಬದಿಯಲ್ಲಿ ಮೆಟ್ಟಿಲಿನಂತೆ ಅಥವಾ ಓರೆಯಾಗಿ ಮೇಲೇರಬೇಕು. ಆ ಏರಿದ ಭಾಗದಿಂದಲೇ ಎಡ ಅಂಚಿನಲ್ಲಿ ನಡೆಯುವವರು, ಸೈಕಲ್ಲಿನವರು, ನಿಂತ ಲಾರಿ ದೂರದಿಂದ ಕಾಣುವುದು. ಅಮೆರಿಕ, ಯುರೋಪಿನ ಬಹುಭಾಗ ಮತ್ತು ಚೀನಾದಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ ಅಲ್ಲಿನ ಪ್ರೊಜೆಕ್ಟರುಗಳ ಗೆರೆ ಬಲಕ್ಕೆ ಏರುತ್ತದೆ. ಅದೇ ಮಾಲು ನಮ್ಮ ಮಾರುಕಟ್ಟೆಗೂ ಬರುತ್ತದೆ. ಅದನ್ನು ಇಲ್ಲಿನ ಕಾರಿಗೆ ಹಾಕಿದರೆ ಬೀಮಿನ ಅತಿ ತೀಕ್ಷ್ಣ ಭಾಗ ಎದುರಿನವನ ಮುಖಕ್ಕೆ ನೆಟ್ಟಗೆ ಬಡಿಯುತ್ತದೆ, ಎಡಗಡೆಯ ಪಾದಚಾರಿ ಕತ್ತಲಲ್ಲೇ ಉಳಿಯುತ್ತಾನೆ. ಎಷ್ಟೇ ಕೆಳಗಿಳಿಸಿ ಸೆಟ್ ಮಾಡಿದರೂ ಈ ದೋಷ ಹೋಗುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಟಿನದಲ್ಲ, ಬೆಲೆಯದಲ್ಲ. ಇದು ರೈಟ್ ಹ್ಯಾಂಡ್ ಡ್ರೈವ್ ಕಾರಿನದೇ ಎಂಬುದು. ಉತ್ತರವನ್ನು ಬಾಯಿಮಾತಿನಲ್ಲಿ ನಂಬದೆ, ಪ್ರೊಜೆಕ್ಟರನ್ನು ಬ್ಯಾಟರಿಗೆ ಹಚ್ಚಿಸಿ ಗೋಡೆಯ ಮೇಲೆ ಬೀಮ್ ಬಿಡಿಸಿ ನೋಡಬೇಕು. ಕಾರಿನ ಹಿಂದಿನಿಂದ ನೋಡುವಾಗ ಗೆರೆ ಎಡಕ್ಕೆ ಏರಿರಬೇಕು.

ಇನ್ನು ಬೆಳಕು ಹೆಚ್ಚಿದರೆ ದೂರ ಕಾಣುತ್ತದೆ ಎಂಬ ನಂಬಿಕೆ. ಹೈ ಬೀಮಿಗೆ ಇದು ಸರಿ, ಲೋ ಬೀಮಿಗೆ ಅಲ್ಲ. ಲೋ ಬೀಮನ್ನು ನೆಲದತ್ತ ಶೇ. 1ರಷ್ಟು ಇಳಿಜಾರಾಗಿ ಇಡುವುದು ರೂಢಿಯ ಅಳತೆ. ಅಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿತ. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅದರ ಮೇಲಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಬಲ್ಬು ಸಾವಿರ ಲೂಮೆನ್ನಿನದಾಗಲಿ ಮೂರು ಸಾವಿರದ್ದಾಗಲಿ, ಎಡದ ಏರು ಭಾಗವೊಂದನ್ನು ಬಿಟ್ಟರೆ ಈ ಗಡಿ ಬದಲಾಗದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವವನು ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ, ಒಂದೂವರೆ ಸೆಕೆಂಡಿನ ಲೆಕ್ಕದಲ್ಲಿ, 33 ಮೀಟರ್ ಮುಂದೆ ಹೋಗಿರುತ್ತಾನೆ. ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 35ರಿಂದ 40 ಮೀಟರ್ ಬೇಕು. ಅಲ್ಲಿಗೇ 65 ದಾಟಿತು. 100ರ ವೇಗದಲ್ಲಿ ಒಟ್ಟು ನೂರು ಮೀಟರಿನ ಹತ್ತಿರ. ಒಳ್ಳೆಯ ಪ್ರೊಜೆಕ್ಟರು ಈ 65 ಮೀಟರಿನೊಳಗಿನ ರಸ್ತೆಯನ್ನು ಅಗಲವಾಗಿ, ಸಮನಾಗಿ, ತಗ್ಗು ಹಂಪುಗಳು ತಿಳಿಯುವಂತೆ ಬೆಳಗುತ್ತದೆ. ಘಾಟಿಯ ತಿರುವಿನಲ್ಲಿ, ಹಳ್ಳಿಯ ದಾರಿಯಲ್ಲಿ ಅದರ ಉಪಕಾರ ದೊಡ್ಡದು. ಆದರೆ ಬೆಳಕು ಚೆನ್ನಾಗಿದೆಯೆಂದು ಲೋ ಬೀಮಿನಲ್ಲೇ ನೂರರಲ್ಲಿ ಓಡಿಸುವವನು ತನ್ನ ದೀಪವನ್ನು ಮೀರಿ ಓಡುತ್ತಿರುತ್ತಾನೆ. ಎದುರು ಯಾರೂ ಇಲ್ಲದಾಗ ಹೈ ಬೀಮ್ ಹಾಕುವುದು, ಬಂದಾಗ ಡಿಪ್ ಮಾಡುವುದು ಎಂಬ ಹಳೆಯ ಶಿಸ್ತಿಗೆ ಯಾವ ಪ್ರೊಜೆಕ್ಟರೂ ಬದಲಿಯಲ್ಲ.

ಇದೇ ಲೆಕ್ಕ ಸೆಟ್ಟಿಂಗ್ ಎಷ್ಟು ಮುಖ್ಯವೆಂಬುದನ್ನೂ ತೋರಿಸುತ್ತದೆ. ಐದು ಜನ ಕೂತು ಡಿಕ್ಕಿ ತುಂಬ ಲಗೇಜ್ ಹೇರಿದಾಗ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಬೀಮ್ ಬರೀ ಒಂದು ಡಿಗ್ರಿ ಮೇಲಾದರೂ ಆ ಚೂಪು ಗೆರೆ 75 ಮೀಟರ್ ದೂರದಲ್ಲಿ ನೆಲದಿಂದ 1.2 ಮೀಟರ್ ಎತ್ತರಕ್ಕೆ ಬಂದಿರುತ್ತದೆ. ಎದುರಿನ ಕಾರಿನವನ ಕಣ್ಣಿನ ಮಟ್ಟ ಅದೇ. ಹ್ಯಾಲೊಜೆನ್ ದೀಪದಲ್ಲಿ ಇದು ಕಿರಿಕಿರಿ, ಅದರ ಎರಡು ಮೂರು ಪಟ್ಟು ಬೆಳಕಿನ ಪ್ರೊಜೆಕ್ಟರಿನಲ್ಲಿ ಕ್ಷಣಕಾಲದ ಕುರುಡು. ಯುರೋಪಿನ ನಿಯಮ 2000 ಲೂಮೆನ್ನಿಗಿಂತ ಹೆಚ್ಚಿನ ಲೋ ಬೀಮ್ ಮೂಲಕ್ಕೆ ತಾನಾಗಿಯೇ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನೂ ದೀಪ ತೊಳೆಯುವ ನೀರಿನ ಚಿಮ್ಮುಕವನ್ನೂ ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ನಮ್ಮ ಹಳೆಯ ಕಾರುಗಳಲ್ಲಿ ಇವೆರಡೂ ಇಲ್ಲ. ಕೆಲವಕ್ಕೆ ಡ್ಯಾಶ್‌ಬೋರ್ಡಿನಲ್ಲಿ 0ರಿಂದ 3ರವರೆಗಿನ ಒಂದು ಚಕ್ರವಿರುತ್ತದೆ; ಪ್ರೊಜೆಕ್ಟರ್ ಕೂರಿಸಿದ ಮೇಲೂ ಅದು ಕೆಲಸ ಮಾಡುವಂತೆ ನೋಡಿಕೊಳ್ಳಬೇಕು, ಭಾರ ಹೇರಿದಾಗ ತಿರುಗಿಸಬೇಕು. ಸೆಟ್ಟಿಂಗ್ ಮಾಡಿಸುವಾಗ ಟೈರಿನ ಗಾಳಿ ಸರಿಯಿದ್ದು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತು, ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಂತಿರಬೇಕು. ದೀಪದ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಗೆರೆ ಬೀಳಬೇಕು. ಅಂಗಡಿ ಮುಂದಿನ ಇಳಿಜಾರು ರಸ್ತೆಯಲ್ಲಿ, ಕಣ್ಣಂದಾಜಿನಲ್ಲಿ ಮಾಡುವ ಸೆಟ್ಟಿಂಗ್ ಸೆಟ್ಟಿಂಗೇ ಅಲ್ಲ.

ಕೆಲಸಗಾರಿಕೆಯ ಮಾತೂ ಇದೆ. ಪ್ರೊಜೆಕ್ಟರ್ ಕೂರಿಸಲು ಹೆಡ್‌ಲೈಟನ್ನು ಬಿಸಿ ಮಾಡಿ, ಅಂಟನ್ನು ಮೆದುವಾಗಿಸಿ, ಮುಖವನ್ನು ಬಿಡಿಸಬೇಕು. ಬ್ಯುಟೈಲ್ ಅಂಟು ಇದ್ದರೆ ಸಲೀಸಾಗಿ ಬರುತ್ತದೆ. ಗಟ್ಟಿ ಅಂಟಿನ ದೀಪಗಳನ್ನು ಕೊಯ್ಯಬೇಕಾಗುತ್ತದೆ, ಒಡೆಯುವ ಸಂಭವ ಹೆಚ್ಚು. ಮತ್ತೆ ಮುಚ್ಚುವಾಗ ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸದು ಹಾಕದಿದ್ದರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ಒಳಗೆ ಹನಿ ಕಟ್ಟಿ ರಿಫ್ಲೆಕ್ಟರೂ ಎಲ್‌ಇಡಿಯ ಫ್ಯಾನೂ ಕೆಡುತ್ತವೆ. ಬಲ್ಬಿನ ತೂತಿನಲ್ಲೇ ನಟ್ಟು ಹಾಕಿ ಬಿಗಿಯುವ ಪ್ರೊಜೆಕ್ಟರುಗಳು ಬೇಕು. ಎಪಾಕ್ಸಿಯಲ್ಲಿ ಅಂಟಿಸಿದವು ನಮ್ಮ ರಸ್ತೆಯ ಕುಲುಕಾಟಕ್ಕೆ ಸರಿದು ಒಂದು ಕಣ್ಣು ಮೇಲೆ ಒಂದು ಕೆಳಗೆ ನೋಡತೊಡಗುತ್ತವೆ.

ಬಣ್ಣದ ಆಯ್ಕೆಯಲ್ಲಿ 4300ರಿಂದ 5000 ಕೆಲ್ವಿನ್ ಒಳಗಿರುವುದು ಲೇಸು. ನೀಲಿ ಛಾಯೆಯ ದೀಪ ಆಧುನಿಕವೆಂದು ತೋರಿದರೂ ಅಷ್ಟೇ ಬೆಳಕಿಗೆ ಎದುರಿನವರ ಕಣ್ಣನ್ನು ಹೆಚ್ಚು ಚುಚ್ಚುತ್ತದೆ, ಮಳೆಯಲ್ಲಿ ನೆಂದ ಡಾಂಬರಿನ ಮೇಲೆ ಕಳೆದುಹೋದಂತೆ ಕಾಣುತ್ತದೆ. ಚಾರ್ಮಾಡಿ, ಆಗುಂಬೆಯ ಮಂಜಿಗೆ ಹಳದಿಯೇ ಬೇಕೆಂಬ ಮಾತಿನಲ್ಲಿ ತಿರುಳು ಕಡಿಮೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡವಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಅಲ್ಲಿ ಉಪಯೋಗಕ್ಕೆ ಬರುವುದು ಮೇಲಕ್ಕೆ ಚೆಲ್ಲದ ತಗ್ಗು ಬೀಮ್.

ಪ್ರೊಜೆಕ್ಟರಿನ ವಿರುದ್ಧ ಒಂದು ನ್ಯಾಯವಾದ ಆಕ್ಷೇಪವಿದೆ. ಆ ಚೂಪು ಗೆರೆಯ ಮೇಲೆ ಏನೂ ಕಾಣುವುದಿಲ್ಲ. ರಸ್ತೆ ಏರುವಾಗ, ತಗ್ಗಿನಿಂದ ಮೇಲೆ ಹತ್ತುವಾಗ ಬೆಳಕು ಗೋಡೆ ಕಟ್ಟಿದಂತೆ ನಿಲ್ಲುತ್ತದೆ. ಬಾಗಿದ ಕೊಂಬೆ, ಪ್ರತಿಫಲಕವಿಲ್ಲದ ಊರಿನ ಫಲಕ ತಪ್ಪಿಹೋಗುತ್ತವೆ. ಹಳೆಯ ರಿಫ್ಲೆಕ್ಟರಿನಲ್ಲಿ ಸ್ವಲ್ಪ ಬೆಳಕು ಮೇಲಕ್ಕೆ ಸೋರುತ್ತಿದ್ದುದರಿಂದ ಅವು ಮಸುಕಾಗಿಯಾದರೂ ತೋರುತ್ತಿದ್ದವು. ಆದ್ದರಿಂದ ಹಳೆಯ ದೀಪ ಸುಸ್ಥಿತಿಯಲ್ಲಿದ್ದು, ರಿಲೇ ಹಾಕಿ, ಮುಖ ತಿಳಿಯಾಗಿಸಿ, ಒಳ್ಳೆಯ ಕಂಪನಿಯ 60/55 ಬಲ್ಬು ಹಾಕಿ, ಸೆಟ್ ಮಾಡಿಸಿದ ಮೇಲೆ ಸಾಕೆನಿಸಿದವರಿಗೆ ಪ್ರೊಜೆಕ್ಟರಿನ ಅಗತ್ಯವೇ ಇಲ್ಲ. ಊರೊಳಗೇ ಓಡಿಸುವವರಿಗೂ ಇಲ್ಲ. ರಾತ್ರಿ ಹೆದ್ದಾರಿಯಲ್ಲಿ, ಘಾಟಿಯಲ್ಲಿ ಮತ್ತೆ ಮತ್ತೆ ಹೋಗಬೇಕಾದವರು ಮಾತ್ರ ಅದಕ್ಕೆ ಖರ್ಚು ಮಾಡಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಕೇಳಿಬರುವಂಥದ್ದು: ಎಲ್ಲರೂ ಕಣ್ಣಿಗೆ ಹೊಡೆಯುವ ದೀಪ ಹಾಕಿಕೊಂಡು ಬರುವಾಗ ನಾನೊಬ್ಬ ನಿಯಮ ನೋಡಿ ಏಕೆ ಕಷ್ಟಪಡಲಿ? ಈ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಇದರಲ್ಲಿ ಸ್ವಾರ್ಥದ ಲೆಕ್ಕವೂ ಕೂಡುವುದಿಲ್ಲ. ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನವನ ಕಣ್ಣು ಕುಕ್ಕಿದರೆ ಕುರುಡಾಗಿ ಬರುವವನು ನಮ್ಮ ಕಡೆಗೇ ಬರುತ್ತಿರುತ್ತಾನೆ. ಕುಕ್ಕಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಅರವತ್ತರ ಕಣ್ಣಿನೊಳಗೆ ಇಪ್ಪತ್ತರ ಕಣ್ಣಿಗೆ ಹೋಗುವ ಬೆಳಕಿನ ಮೂರನೇ ಒಂದು ಭಾಗದಷ್ಟೇ ಹೋಗುತ್ತದೆ, ಹೋದದ್ದೂ ಒಳಗೆ ಹೆಚ್ಚು ಚದುರುತ್ತದೆ. ಬಸ್ಸಿನ, ಲಾರಿಯ ಡ್ರೈವರು, ಹೆಲ್ಮೆಟ್ಟಿನ ಗೀರುಬಿದ್ದ ಗಾಜಿನ ಹಿಂದಿನಿಂದ ನೋಡುವ ಬೈಕಿನವನು, ಇವರೆಲ್ಲರ ಕಣ್ಣೂ ನಮ್ಮ ಸುರಕ್ಷತೆಯ ಭಾಗ.

ಕಾನೂನಿನ ನಿಲುವು ಏನು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು ಮುಂದಿನ ದೀಪದಿಂದ 155 ಮೀಟರ್ ದೂರದ ಮನುಷ್ಯರೂ ವಾಹನಗಳೂ ಕಾಣಬೇಕೆನ್ನುತ್ತದೆ. 106ನೆಯದು ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದೆನ್ನುತ್ತದೆ. ಈ ಎರಡನೆಯ ಅಳತೆ ಸಾಲದು ಎಂಬುದು ನನ್ನ ವಾದ. ಆ ಬಿಂದು ದೀಪಕ್ಕಿಂತ ಸುಮಾರು 6 ಡಿಗ್ರಿ ಮೇಲಿದೆ. ಅಡ್ಡಾದಿಡ್ಡಿ ಚೆಲ್ಲುವ ಎಲ್‌ಇಡಿ ಬಲ್ಬು ಅಲ್ಲಿ ಸಿಕ್ಕಿಬೀಳುತ್ತದೆ, ಆದರೆ ಒಂದು ಡಿಗ್ರಿ ಮೇಲೆ ನೋಡುವ ಪ್ರೊಜೆಕ್ಟರು ಪಾರಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹೀಗಾಗಿ ಎಷ್ಟು ಚೆನ್ನಾಗಿ ಕೂರಿಸಿದ ಪ್ರೊಜೆಕ್ಟರಿಗೂ ಕಾನೂನಿನ ರಕ್ಷೆ ಇದೆಯೆಂದು ಧೈರ್ಯವಾಗಿ ಹೇಳಲಾಗದು. 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರು ತಕರಾರು ತೆಗೆಯಬಹುದು, ಅಪಘಾತದ ನಂತರ ವಿಮೆಯವರೂ ಕೇಳಬಹುದು. ಹಾಕಿಸುವವರು ಇದನ್ನು ತಿಳಿದೇ ಹಾಕಿಸಬೇಕು, ಹಳೆಯ ದೀಪಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು.

2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯಾದ್ಯಂತ ಕಾರ್ಯಾಚರಣೆ ನಡೆಸಿದರು. ಅದು ಒಳ್ಳೆಯ ಕೆಲಸ. ಆದರೆ ರಸ್ತೆಬದಿಯಲ್ಲಿ ನಿಲ್ಲಿಸಿ ದಂಡ ಹಾಕುವುದರಿಂದ ಯಾವ ದೀಪ ಸರಿ, ಯಾವುದು ತಪ್ಪು ಎಂಬುದು ಮಾಲೀಕನಿಗೆ ತಿಳಿಯುವುದಿಲ್ಲ. ಸಾರಿಗೆ ಇಲಾಖೆ ಎರಡು ಕೆಲಸ ಮಾಡಬೇಕು. ಜರ್ಮನಿಯಲ್ಲಿರುವಂತೆ ಯಾವ ಕಾರಿನ ಯಾವ ದೀಪಕ್ಕೆ ಯಾವ ಮಾರ್ಪಾಡು ಒಪ್ಪಿತ ಎಂಬ ಪಟ್ಟಿಯನ್ನು ಹೊರತರುವಂತೆ ಕೇಂದ್ರವನ್ನು ಕೇಳಬೇಕು. ಜೊತೆಗೆ, ಎಲ್ಲ ಊರಲ್ಲೂ ಇರುವ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಬೀಮ್ ಸೆಟ್ಟರ್ ಉಪಕರಣವನ್ನು ಇರಿಸಿ, ಹೊಗೆಯ ಜೊತೆಗೇ ಹೆಡ್‌ಲೈಟಿನ ಎತ್ತರವನ್ನೂ ಅಳೆಯುವ ವ್ಯವಸ್ಥೆ ತರಬೇಕು. ಅದು ಬರುವವರೆಗೆ ಓದುಗರು ಪ್ರೊಜೆಕ್ಟರಿನ ಅಂಗಡಿಗೆ ಹೋಗುವ ಮೊದಲು ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗಿ ಹೋಲ್ಡರಿನ ವೋಲ್ಟೇಜ್ ಅಳೆಸಲಿ. ಪ್ರೊಜೆಕ್ಟರೇ ಬೇಕೆಂದಾದರೆ, ಗೋಡೆಯ ಮೇಲೆ ಎಡಕ್ಕೆ ಏರುವ ಗೆರೆಯನ್ನು ಕಣ್ಣಾರೆ ನೋಡುವವರೆಗೆ ದುಡ್ಡು ಕೊಡದಿರಲಿ.